ನಮ್ಮ ಪಿನ್ ಪರರ ಕೈ ಸೇರಿದ ಬಗೆ: ಭದ್ರತಾ ತಂತ್ರಾಂಶ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಬ್ಯಾಂಕು, ಪಡಿತರ, ಪಿಂಚಣಿ, ಪಹಣಿಗಳ ಆ್ಯಪ್‌ಗಳಿಗೆ ಭದ್ರತೆಯ ತಂತ್ರಾಂಶ ಬರೆಯುವ ಕನ್ನಡದ ಇಂಜಿನಿಯರುಗಳಿಗೆ,



ನಿಮ್ಮಲ್ಲಿ ಎಷ್ಟೋ ಮಂದಿ ಬೈಲಹೊಂಗಲ, ಸವದತ್ತಿ, ರಾಮದುರ್ಗ, ಕಿತ್ತೂರು ಸೀಮೆಯ ಕನ್ನಡ ಶಾಲೆಗಳಲ್ಲಿ ಓದಿ, ಬೆಳಗಾವಿಯಲ್ಲೋ ಹುಬ್ಬಳ್ಳಿಯಲ್ಲೋ ಇಂಜಿನಿಯರಿಂಗ್ ಮುಗಿಸಿ ಬೆಂಗಳೂರು ಸೇರಿದವರು. ನಾನು ಮುರಗೋಡದವನು, ಇದೇ ಸೀಮೆಯ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತನಾದವನು. ಆ ಸಲಿಗೆಯಿಂದಲೇ ಬರೆಯುತ್ತಿದ್ದೇನೆ. ಹೇಳಬೇಕಾದ ಮಾತು ಒಂದೇ. ಭದ್ರತೆಯ ಹೆಸರಿನಲ್ಲಿ ನೀವು ಕಳಿಸುವ ಒಂದೊಂದು ಅಪ್‌ಡೇಟಿನ ನಂತರವೂ ನಮ್ಮೂರಿನಲ್ಲಿ ತಮ್ಮ ಪಿನ್ ತಮ್ಮಲ್ಲೇ ಇಟ್ಟುಕೊಂಡವರು ಕಡಿಮೆಯಾಗುತ್ತಿದ್ದಾರೆ. ತಮಗೆ ತೆರೆಯಲು ಬಾರದ ಕೀಲಿಯ ಚಾವಿಯನ್ನು ಜನ ತೆರೆಯಬಲ್ಲವರ ಕೈಗೆ ಕೊಟ್ಟುಬಿಡುತ್ತಾರೆ. ಚಾವಿ ಹಾಗೆ ಕೈ ಬದಲಿಸಿದ ಮೇಲೆ ಕೀಲಿ ಎಷ್ಟು ಗಟ್ಟಿಯಿದ್ದರೂ ಪ್ರಯೋಜನವಿಲ್ಲ.

ಅಪ್‌ಡೇಟ್ ಬಂದ ಮರುದಿನ ಇಲ್ಲಿ ಏನಾಗುತ್ತದೆ ಎಂಬುದು ನಿಮ್ಮ ಕಚೇರಿಯ ಲೆಕ್ಕಪಟ್ಟಿಗಳಲ್ಲಿ ಕಾಣಲಾರದು, ಅದಕ್ಕೇ ವಿವರವಾಗಿ ಹೇಳುತ್ತೇನೆ. ನಿನ್ನೆಯವರೆಗೆ ನಾಲ್ಕಂಕಿ ಒತ್ತಿದರೆ ಖಾತೆಯ ಬಾಕಿ ತೋರಿಸುತ್ತಿದ್ದ ಆ್ಯಪ್ ಇಂದು ತೆರೆಯುತ್ತಲೇ ಸಿಮ್ ಪರೀಕ್ಷೆ ಆಗಬೇಕು ಎನ್ನುತ್ತದೆ. ಅದಕ್ಕೆ ಆ ಫೋನಿನಿಂದಲೇ ಒಂದು ಎಸ್ಸೆಮ್ಮೆಸ್ ಹೋಗಬೇಕು. ರೀಚಾರ್ಜ್ ಮುಗಿದಿದ್ದರೆ ಹೋಗುವುದಿಲ್ಲ. ಎರಡು ಸಿಮ್ಮಿನ ಫೋನಾದರೆ ಬೇರೆ ಸಿಮ್ಮಿನಿಂದ ಹೋಗಿ ತಿರಸ್ಕಾರವಾಗುತ್ತದೆ. ಅದನ್ನು ದಾಟಿದರೆ ಡೆಬಿಟ್ ಕಾರ್ಡಿನ ವಿವರ ಕೇಳುತ್ತದೆ. ಹಳ್ಳಿಯಲ್ಲಿ ಅರ್ಧ ಜನರ ಕಾರ್ಡು ಅವಧಿ ಮೀರಿ ಟ್ರಂಕಿನಲ್ಲಿ ಬಿದ್ದಿರುತ್ತದೆ. ಆಮೇಲೆ ಹೊಸ ಪಿನ್ ಇಡಬೇಕು, ಅದು ಹಳೆಯದು ಆಗಿರಬಾರದು. ಆಮೇಲೆ ಲೊಕೇಶನ್, ಕರೆ, ಸಂಪರ್ಕಗಳಿಗೆ ಅನುಮತಿ ಕೊಡಬೇಕು, ಎಲ್ಲ ಪ್ರಶ್ನೆಗಳೂ ಇಂಗ್ಲಿಷಿನಲ್ಲಿ. ಫೋನು ನಾಲ್ಕೈದು ವರ್ಷ ಹಳೆಯದಾದರೆ ಈ ಸಾಧನದಲ್ಲಿ ಇನ್ನು ಆ್ಯಪ್ ನಡೆಯುವುದಿಲ್ಲ ಎಂಬ ಒಂದೇ ಸಾಲು. ಇಷ್ಟೆಲ್ಲ ಮುಗಿಸಿ ಒಳಗೆ ಹೋದವರಿಗೆ ಬಾಕಿ ನೋಡುವ ಗುಂಡಿ ನಿನ್ನೆ ಇದ್ದ ಜಾಗದಲ್ಲಿ ಸಿಗುವುದಿಲ್ಲ.

‘ಸರ, ಆ್ಯಪ್ ಮತ್ತ ಬದಲಾಗೇತ್ರಿ, ಒಳಗ ಬಿಡವಲ್ದು’ ಎಂದು ಓಣಿಯವರು ಫೋನನ್ನು ನನ್ನ ಕೈಗೆ ಕೊಡುತ್ತಾರೆ. ನಾನು ಕೇಳುವ ಮೊದಲೇ ಪಿನ್ ಹೇಳಿಬಿಡುತ್ತಾರೆ. ಬೇಡ, ನೀವೇ ಒತ್ತಿ ಎಂದರೆ, ಎಲ್ಲಿ ಒತ್ತಬೇಕೆಂದು ತಿಳಿಯದೆ ಮುಖ ನೋಡುತ್ತಾರೆ. ಗೃಹಲಕ್ಷ್ಮಿಯ ಎರಡು ಸಾವಿರ ಬಂತೋ ಇಲ್ಲವೋ ಎಂದು ತಿಳಿಯಬೇಕಾದ ತಾಯಿ, ಬೆಳೆವಿಮೆಯ ದುಡ್ಡು ಜಮೆಯಾಯಿತೋ ಎಂದು ನೋಡಬೇಕಾದ ರೈತ, ವೃದ್ಧಾಪ್ಯ ವೇತನಕ್ಕೆ ಕಾಯುವ ಅಜ್ಜ, ಇವರೆಲ್ಲ ನನ್ನ ಬಳಿಗೆ ಬಂದರೆ ಪರವಾಗಿಲ್ಲ. ಆನ್‌ಲೈನ್ ಅಂಗಡಿಯ ಹುಡುಗನ ಬಳಿಗೆ, ಮೊಬೈಲ್ ರಿಪೇರಿಯವನ ಬಳಿಗೆ, ಬಸ್ ನಿಲ್ದಾಣದಲ್ಲಿ ಪಕ್ಕ ನಿಂತ ಅಪರಿಚಿತನ ಬಳಿಗೂ ಹೋಗುತ್ತಾರೆ. ಅಲ್ಲೆಲ್ಲ ಪಿನ್ನು ಬಾಯಿಮಾತಿನಲ್ಲೇ ಹೋಗುತ್ತದೆ. ಎಷ್ಟೋ ಮಂದಿ ಪಾಸ್‌ಬುಕ್ಕಿನ ಹಿಂಬದಿಯಲ್ಲೇ ಬರೆದಿಟ್ಟಿದ್ದಾರೆ.

ಭದ್ರತೆ ಬೇಡವೆಂದು ನಾನು ಹೇಳುತ್ತಿಲ್ಲ. ಕಳ್ಳರು ಇದ್ದಾರೆ, ನಮ್ಮ ಮನೆಯ ಬಾಗಿಲಿಗೇ ಬಂದಿದ್ದಾರೆ. 2025ರ ಮಾರ್ಚ್‌ನಲ್ಲಿ ನಮ್ಮದೇ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ, ಅಧಿಕಾರಿಗಳೆಂದು ನಂಬಿಸಿ ಫೋನಿನಲ್ಲಿ ಬೆದರಿಸಿದ ವಂಚಕರಿಗೆ ಲಕ್ಷಾಂತರ ರೂಪಾಯಿ ತೆತ್ತ ವೃದ್ಧ ದಂಪತಿ ಪ್ರಾಣವನ್ನೇ ಕಳೆದುಕೊಂಡರು. ಇಡೀ ಬೆಳಗಾವಿ ಜಿಲ್ಲೆ ಆ ಸುದ್ದಿಗೆ ನಡುಗಿತು. ಈ ಬಗೆಯ ವಂಚನೆಯನ್ನು ನೋಡಿ: ಕಳ್ಳ ಯಾವ ಕೀಲಿಯನ್ನೂ ಮುರಿಯುವುದಿಲ್ಲ. ದುಡ್ಡಿನ ಒಡೆಯರನ್ನು ಹೆದರಿಸಿ, ಅವರ ಕೈಯಿಂದಲೇ ತೆಗೆಸುತ್ತಾನೆ. ಅಲ್ಲಿ ಎರಡನೇ ಪಿನ್ನಾಗಲಿ ಮೂರನೇ ಒಟಿಪಿಯಾಗಲಿ ತಡೆಯಾಗುವುದಿಲ್ಲ, ಏಕೆಂದರೆ ಒತ್ತುವವರು ಒಡೆಯರೇ.

ನಮ್ಮೂರು ಇದೇ ಪಾಠವನ್ನು ಇನ್ನೊಂದು ರೀತಿಯಲ್ಲಿ ಕಲಿತಿದೆ. 2022ರ ಮಾರ್ಚ್‌ನಲ್ಲಿ ಮುರಗೋಡದ ಡಿಸಿಸಿ ಬ್ಯಾಂಕ್ ಶಾಖೆಯಿಂದ ಕೋಟ್ಯಂತರ ರೂಪಾಯಿ ನಗದು, ಅಡವಿಟ್ಟ ಬಂಗಾರ ಕಳುವಾಯಿತು. ರೈತರು ಸಾಲಕ್ಕೆ ಇಟ್ಟ ಒಡವೆ ಹೋಯಿತೆಂದು ಸುತ್ತಲಿನ ಹಳ್ಳಿಗಳು ಕಂಗಾಲಾದವು. ಕೆಲವೇ ದಿನಗಳಲ್ಲಿ ಪೊಲೀಸರು ಆರೋಪಿಗಳನ್ನು ಹಿಡಿದರು. ಹಿಡಿದವರಲ್ಲಿ ಆ ಶಾಖೆಯ ನೌಕರನೂ ಇದ್ದ, ನಕಲಿ ಚಾವಿ ಮಾಡಿಸಿಕೊಂಡು ಕಳವು ನಡೆಸಿದ್ದರು ಎಂಬುದು ಪೊಲೀಸರ ಮಾತು. ತಿಜೋರಿಯ ಉಕ್ಕು ಎಷ್ಟು ದಪ್ಪವಿತ್ತು ಎಂಬ ಪ್ರಶ್ನೆಯೇ ಅಲ್ಲಿ ಬರಲಿಲ್ಲ. ಚಾವಿ ಎಷ್ಟು ಕೈಗಳನ್ನು ದಾಟಬಹುದಾಗಿತ್ತು ಎಂಬುದೊಂದೇ ಪ್ರಶ್ನೆ. ನಿಮ್ಮ ಆ್ಯಪ್‌ಗಳ ವಿಷಯದಲ್ಲೂ ಅದೇ ಪ್ರಶ್ನೆಯನ್ನು ಕೇಳಿ. ಉಕ್ಕನ್ನು ದಪ್ಪ ಮಾಡುತ್ತ ಹೋದ ನೀವು ಚಾವಿಯನ್ನು ಊರಿನ ತುಂಬ ಹಂಚುವಂತೆ ಮಾಡಿದ್ದೀರಿ.

ಇದು ಹಳ್ಳಿಯ ಮಾಸ್ತರನೊಬ್ಬನ ಹೊಸ ವಾದವೇನಲ್ಲ, ನಿಮ್ಮ ಶಾಸ್ತ್ರದ ಬುಡದಲ್ಲೇ ಇರುವ ಮಾತು. ಗೂಢಲಿಪಿ ಕಲಿತ ಪ್ರತಿಯೊಬ್ಬರೂ ಆಗಸ್ಟ್ ಕೆರ್ಕ್‌ಹಾಫ್ಸ್‌ನ ಹೆಸರು ಕೇಳಿರುತ್ತೀರಿ. 1883ರಲ್ಲಿ ಆತ ಸೈನ್ಯದ ಗುಪ್ತಲಿಪಿಗೆ ಆರು ನಿಯಮ ಹೇಳಿದ. ವ್ಯವಸ್ಥೆ ಶತ್ರುವಿನ ಕೈಗೆ ಸಿಕ್ಕರೂ ಚಾವಿಯೊಂದು ಗುಟ್ಟಾಗಿದ್ದರೆ ಸಾಕು ಎಂಬ ಎರಡನೆಯ ನಿಯಮವನ್ನು ಪರೀಕ್ಷೆಗೆ ಓದುತ್ತೀರಿ. ಆರನೆಯ ನಿಯಮವನ್ನು ಮರೆಯುತ್ತೀರಿ: ವ್ಯವಸ್ಥೆ ಬಳಸಲು ಸುಲಭವಾಗಿರಬೇಕು, ಬಳಸುವವನ ತಲೆಗೆ ಹೊರೆಯಾಗಬಾರದು, ಉದ್ದುದ್ದ ನಿಯಮಗಳನ್ನು ನೆನಪಿಡುವ ಗೋಜು ಇರಬಾರದು. ಯುದ್ಧಭೂಮಿಯಲ್ಲಿ ನಿಂತ ಸೈನಿಕನಿಗೇ ಅಷ್ಟು ರಿಯಾಯಿತಿ ಬೇಕೆಂದು ಆತ ಕಂಡುಕೊಂಡಿದ್ದ. ಇಂದಿನ ಪಠ್ಯಗಳಲ್ಲೂ ಭದ್ರತೆಗೆ ಮೂರು ಕಾಲು: ಗೌಪ್ಯತೆ, ಮಾಹಿತಿಯ ಅಖಂಡತೆ, ಲಭ್ಯತೆ. ಹಕ್ಕುಳ್ಳವನಿಗೆ ಬೇಕಾದಾಗ ಸಿಗದಿದ್ದರೆ ಭದ್ರತೆ ಮುರಿದಿದೆ ಎಂದೇ ನಿಮ್ಮ ಶಾಸ್ತ್ರದ ಲೆಕ್ಕ. ಹಾಗಿದ್ದರೆ ತನ್ನ ಖಾತೆಯನ್ನು ತಾನೇ ನೋಡಲಾಗದ ತಾಯಿಯನ್ನು ನೀವು ಯಾವ ಲೆಕ್ಕದಲ್ಲಿ ಬರೆದುಕೊಂಡಿದ್ದೀರಿ?

1999ರಲ್ಲಿ ಆಲ್ಮಾ ವಿಟನ್ ಮತ್ತು ಡಗ್ ಟೈಗರ್ ಎಂಬ ಸಂಶೋಧಕರು ಇಮೇಲ್ ಗುಪ್ತವಾಗಿಸುವ ಪಿಜಿಪಿ ತಂತ್ರಾಂಶವನ್ನು ಹನ್ನೆರಡು ಜನರ ಕೈಗೆ ಕೊಟ್ಟು ತೊಂಬತ್ತು ನಿಮಿಷ ನೋಡಿದರು. ಎಲ್ಲರೂ ಇಮೇಲ್ ಬಳಸಿ ಬಲ್ಲವರೇ. ಸರಿಯಾಗಿ ಮಾಡಿ ಮುಗಿಸಿದವರು ಮೂರನೇ ಒಂದು ಭಾಗ ಮಾತ್ರ. ಕೆಲವರು ಗುಟ್ಟಾಗಿರಬೇಕಾದ ಸಂದೇಶವನ್ನು ತಿಳಿಯದೆ ಬಯಲಾಗಿ ಕಳಿಸಿಬಿಟ್ಟರು. ಗಣಿತ ಅಪ್ಪಟವಾಗಿತ್ತು, ಪರದೆ ಜನರನ್ನು ದಾರಿ ತಪ್ಪಿಸಿತು. ಅದಾಗಿ ಕಾಲು ಶತಮಾನ ದಾಟಿದರೂ ಆ ಪಾಠ ನಮ್ಮ ಫೋನುಗಳಿಗೆ ತಲುಪಿಲ್ಲ.

ಪಾಸ್‌ವರ್ಡಿನ ಕಥೆ ಇನ್ನೂ ಸ್ಪಷ್ಟ. ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಚಿಹ್ನೆ ಎಲ್ಲ ಇರಬೇಕು, ಕೆಲವು ತಿಂಗಳಿಗೊಮ್ಮೆ ಬದಲಿಸಬೇಕು ಎಂಬ ಪದ್ಧತಿಯನ್ನು ಜಗತ್ತಿಗೆಲ್ಲ ಹರಡಿದ್ದು ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿಯ 2003ರ ಮಾರ್ಗಸೂಚಿ. ಅದನ್ನು ಬರೆದ ಬಿಲ್ ಬರ್ ಎಂಬ ಅಧಿಕಾರಿಯೇ 2017ರಲ್ಲಿ, ತಾನು ಹೇಳಿದ್ದರಲ್ಲಿ ಬಹಳಷ್ಟರ ಬಗ್ಗೆ ಈಗ ವಿಷಾದವಿದೆ ಎಂದರು. ಅದೇ ವರ್ಷ ಆ ಸಂಸ್ಥೆ ತನ್ನ ಸೂಚನೆಯನ್ನು ತಿರುಗಿಸಿ ಬರೆಯಿತು: ಕಾರಣವಿಲ್ಲದೆ ಪಾಸ್‌ವರ್ಡ್ ಬದಲಿಸಲು ಒತ್ತಾಯಿಸಬೇಡಿ, ಚಿಹ್ನೆ ಅಂಕಿಗಳ ಕಡ್ಡಾಯ ಬೇಡ. 2025ರ ಪರಿಷ್ಕರಣೆಯಲ್ಲಿ ಆ ಸಲಹೆಯೇ ಅಂಥ ಬಲವಂತದ ಮೇಲಿನ ನಿಷೇಧವಾಯಿತು. ಹಾಗೆ ಬಲವಂತ ಮಾಡಿದರೆ ಜನ ಕೊನೆಯ ಅಂಕಿಯೊಂದನ್ನು ಬದಲಿಸುತ್ತಾರೆ, ಇಲ್ಲವೇ ಬರೆದಿಡುತ್ತಾರೆ, ಎರಡೂ ಕಳ್ಳನಿಗೆ ಅನುಕೂಲ ಎಂಬುದು ಕಾರಣ. ನಿಯಮ ಹುಟ್ಟಿದ ಮನೆಯೇ ಅದನ್ನು ಕೈಬಿಟ್ಟ ಮೇಲೂ ನಮ್ಮ ಕಡೆಯ ಎಷ್ಟೋ ಆ್ಯಪ್‌ಗಳು, ಜಾಲತಾಣಗಳು ತೊಂಬತ್ತು ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಿಸು ಎನ್ನುವುದನ್ನು ಬಿಟ್ಟಿಲ್ಲ. ಏಕೆ ಎಂದು ನಿಮ್ಮ ಮೇಲಿನವರನ್ನು ಕೇಳಿದ್ದೀರಾ?

ಒಟಿಪಿಯ ವಿಷಯಕ್ಕೆ ಬರುತ್ತೇನೆ. ಒಬ್ಬ ಮನುಷ್ಯ, ಒಂದು ಫೋನು, ಒಂದು ನಂಬರು ಎಂಬ ಲೆಕ್ಕದ ಮೇಲೆ ನೀವು ಎಲ್ಲವನ್ನೂ ಕಟ್ಟಿದ್ದೀರಿ. ನಮ್ಮಲ್ಲಿ ಮನೆಗೊಂದು ನಂಬರು, ಅದೂ ಬಹಳ ಸಲ ಪುಣೆಯಲ್ಲೋ ಬೆಂಗಳೂರಿನಲ್ಲೋ ದುಡಿಯುವ ಮಗನ ಕಿಸೆಯಲ್ಲಿ. ಇಲ್ಲಿ ಅವ್ವ ಕೌಂಟರಿನ ಮುಂದೆ ನಿಂತಿರುತ್ತಾಳೆ, ಅಲ್ಲಿ ಮಗ ಪಾಳಿಯಲ್ಲಿರುತ್ತಾನೆ, ನಡುವೆ ಒಟಿಪಿಯ ಅವಧಿ ಮುಗಿಯುತ್ತದೆ. ಫೋನು ಎತ್ತಿದರೆ ಅವನು ಅಂಕಿಗಳನ್ನು ಹೇಳುತ್ತಾನೆ, ಅವ್ವ ಅದನ್ನು ಅಂಗಡಿಯವನಿಗೆ ಕೂಗಿ ಹೇಳುತ್ತಾಳೆ. ಒಟಿಪಿ ಯಾರಿಗೂ ಹೇಳಬೇಡಿ ಎಂಬ ನಿಮ್ಮ ಎಚ್ಚರಿಕೆ ಅದೇ ಸಂದೇಶದ ತುದಿಯಲ್ಲಿ ಇಂಗ್ಲಿಷಿನಲ್ಲಿರುತ್ತದೆ.

ಅಂಗನವಾಡಿಗಳಲ್ಲಿ ಏನಾಗಿದೆ ನೋಡಿ. 2021ರ ಮಾರ್ಚ್‌ನಲ್ಲಿ ಪೋಷಣ್ ಟ್ರ್ಯಾಕರ್ ಬಂದಾಗ ಅದು ತೂಕ, ಎತ್ತರ, ಹಾಜರಿ ದಾಖಲಿಸುವ ಆ್ಯಪ್ ಆಗಿತ್ತು. 2025ರ ಜುಲೈ 1ರಿಂದ ಮನೆಗೊಯ್ಯುವ ಪೌಷ್ಟಿಕ ಆಹಾರ ಪಡೆಯಲು ಮುಖ ಗುರುತಿಸುವಿಕೆ ಕಡ್ಡಾಯವಾಯಿತು. ಮೊದಲು ಆಧಾರ್‌ಗೆ ಜೋಡಿಸಿದ ನಂಬರಿಗೆ ಒಟಿಪಿ, ಆಮೇಲೆ ಮುಖದ ಚಿತ್ರ, ಪ್ರತಿ ಸಲ ಹೋಲಿಕೆ. ಗಂಡನ ನಂಬರು ಬದಲಾಗಿದ್ದರೆ ಒಟಿಪಿಯಿಲ್ಲ, ನೆಟ್‌ವರ್ಕ್ ಇಲ್ಲದಿದ್ದರೆ ಮುಖವಿಲ್ಲ. ದೇಶದ ಹಲವು ಕಡೆ ಅಂಗನವಾಡಿ ಕಾರ್ಯಕರ್ತೆಯರು ಇದರ ವಿರುದ್ಧ ಬೀದಿಗಿಳಿದರು. ಅದರಲ್ಲಿ ಅವರ ಕಷ್ಟದಷ್ಟೇ ದೊಡ್ಡದಾದ ಇನ್ನೊಂದು ಅಪಾಯವಿದೆ. ಒಟಿಪಿ ಕೇಳುವವರು ಕಳ್ಳರು ಎಂದು ತಾಯಂದಿರಿಗೆ ನಾವು ವರ್ಷಗಟ್ಟಲೆ ಹೇಳಿಕೊಟ್ಟೆವು. ಈಗ ತಮ್ಮ ಅಂಗನವಾಡಿ ಅಕ್ಕನೇ ಸರ್ಕಾರದ ಆ್ಯಪ್ ಹಿಡಿದು ಒಟಿಪಿ ಕೇಳುತ್ತಾಳೆ. ನಾಳೆ ಕಳ್ಳ ಅದೇ ಮಾತಾಡಿದರೆ ತಾಯಿ ಹೇಗೆ ಗುರುತಿಸಬೇಕು?

ಈ ಪ್ರಶ್ನೆ ಬ್ಯಾಂಕಿನ ಆ್ಯಪ್‌ಗಳಿಗೂ ಅನ್ವಯಿಸುತ್ತದೆ. ‘ನಿಮ್ಮ ಕೆವೈಸಿ ಅವಧಿ ಮುಗಿದಿದೆ, ಇಂದೇ ಅಪ್‌ಡೇಟ್ ಮಾಡಿ, ಇಲ್ಲದಿದ್ದರೆ ಖಾತೆ ಬಂದ್’ ಎಂಬುದು ವಂಚಕರ ಸವೆದ ಬಾಣ. ಅದರ ಜೊತೆಗೆ ವಾಟ್ಸಾಪಿನಲ್ಲಿ ಎಪಿಕೆ ಕಡತವೊಂದು ಬರುತ್ತದೆ, ಒತ್ತಿದರೆ ಫೋನು ಅವರ ವಶ. ನಿಜವಾದ ಆ್ಯಪ್ ಕೂಡ ಎರಡು ತಿಂಗಳಿಗೊಮ್ಮೆ ಅದೇ ಧಾಟಿಯಲ್ಲಿ, ಅದೇ ಆತುರದಲ್ಲಿ, ಅದೇ ಇಂಗ್ಲಿಷಿನಲ್ಲಿ ಅಪ್‌ಡೇಟ್ ಮಾಡು, ಇಲ್ಲವೇ ಬಂದ್ ಎನ್ನುತ್ತದೆ. ಪರದೆಯ ಬಣ್ಣ, ಗುಂಡಿಯ ಜಾಗ, ಕೇಳುವ ಪ್ರಶ್ನೆ ಎಲ್ಲ ಬದಲಾಗುತ್ತಲೇ ಇದ್ದರೆ ಅಸಲಿ ಯಾವುದು ನಕಲಿ ಯಾವುದು ಎಂದು ತಿಳಿಯಲು ಜನರಿಗೆ ಉಳಿಯುವ ಗುರುತಾದರೂ ಯಾವುದು? ದಿನವೂ ಒಂದೇ ಥರ ಕಾಣುವ ಆ್ಯಪ್ ಒಂದು ದಿನ ಬೇರೆ ಥರ ಕಂಡರೆ ಅವ್ವನಿಗೆ ಅನುಮಾನ ಬರುತ್ತದೆ. ಆ ಅನುಮಾನವೇ ಅವಳ ದೊಡ್ಡ ರಕ್ಷಣೆ. ನೀವು ಅದನ್ನು ಅಪ್‌ಡೇಟಿನಿಂದ ಅಪ್‌ಡೇಟಿಗೆ ಸವೆಸುತ್ತಿದ್ದೀರಿ.

ಬೆರಳಚ್ಚಿನ ಗೋಳು ಪಡಿತರ ಅಂಗಡಿಯಲ್ಲಿ ನಿಂತವರಿಗೆ ಗೊತ್ತು. ಕಬ್ಬು ಕಡಿದ, ಹತ್ತಿ ಬಿಡಿಸಿದ, ಜೋಳದ ದಂಟು ಕಿತ್ತ ಕೈಗಳಲ್ಲಿ ಗೆರೆ ಸವೆದಿರುತ್ತದೆ. 2023ರ ಫೆಬ್ರುವರಿಯಲ್ಲಿ ಆಧಾರ್ ಪ್ರಾಧಿಕಾರ ಹೊಸ ಪದ್ಧತಿ ತಂದಿತು: ಬೆರಳಿನ ಗೆರೆಗಳ ಜೊತೆ ಬೆರಳಿನ ಚಿತ್ರವನ್ನೂ ನೋಡಿ ಅದು ಜೀವಂತ ಬೆರಳೇ ಎಂದು ಪರೀಕ್ಷಿಸುವುದು. ಸಿಲಿಕಾನ್ ಅಚ್ಚಿನ ನಕಲಿ ಬೆರಳಿನಿಂದ ದುಡ್ಡು ತೆಗೆಯುವವರನ್ನು ತಡೆಯಲು ಅದು ಬೇಕಿತ್ತು, ಒಪ್ಪುತ್ತೇನೆ. ಆದರೆ ಯಂತ್ರ ಒಲ್ಲೆ ಎಂದಾಗ ಅಜ್ಜಿಗೆ ಏನು ಹೇಳುತ್ತದೆ? ಒಂದು ಸಂಖ್ಯೆ ತೋರಿಸುತ್ತದೆ. 300 ಎಂದರೆ ಬೆರಳು ಹೊಂದಲಿಲ್ಲ, 330 ಎಂದರೆ ಬೆರಳಚ್ಚಿಗೆ ಬೀಗ ಹಾಕಲಾಗಿದೆ. ಇವೆರಡಕ್ಕೂ ಪರಿಹಾರ ಬೇರೆ ಬೇರೆ. ಮೊದಲನೆಯದಕ್ಕೆ ಬೇರೆ ಬೆರಳು ಇಟ್ಟು ನೋಡಬೇಕು, ಎರಡನೆಯದಕ್ಕೆ ಬೀಗ ತೆಗೆಯಬೇಕು. ಅಂಗಡಿಯಲ್ಲಿ ಎರಡಕ್ಕೂ ಸಿಗುವ ಉತ್ತರ ಒಂದೇ: ‘ಸರ್ವರ್ ಇಲ್ಲ, ನಾಳೆ ಬಾ.’ ಸಂಖ್ಯೆಯ ಬದಲು ಕನ್ನಡದ ಒಂದು ವಾಕ್ಯ ತೋರಿಸಲು ನಿಮಗೆ ಎಷ್ಟು ಸಾಲು ಕೋಡ್ ಬೇಕು?

ಹೊಂದದ ಬೆರಳಿಗೆ ದಾರಿ ಕಾನೂನಿನಲ್ಲೂ ಇದೆ. 2017ರ ಅಕ್ಟೋಬರ್ 24ರಂದು ಆಧಾರ್ ಪ್ರಾಧಿಕಾರವೇ ಸುತ್ತೋಲೆ ಹೊರಡಿಸಿ, ಬೆರಳಚ್ಚು ಹೊಂದದಿದ್ದರೆ ಬೇರೆ ರೀತಿಯಲ್ಲಿ ಗುರುತು ಖಚಿತಪಡಿಸಿಕೊಂಡು, ಪುಸ್ತಕದಲ್ಲಿ ಬರೆದುಕೊಂಡು ಪಡಿತರ ಕೊಡಬೇಕು ಎಂದಿತು. ಆ ಬಾಗಿಲನ್ನು ನಿಮ್ಮ ತಂತ್ರಾಂಶದ ಮೊದಲ ಪರದೆಯಲ್ಲೇ ಇಟ್ಟಿದ್ದರೆ ಅಂಗಡಿಯವನಿಗೆ ಅದು ಕಾಣುತ್ತಿತ್ತು. ಕಾಗದದಲ್ಲಿ ಉಳಿದ ಹಕ್ಕು ಹಸಿದವರಿಗೆ ತಲುಪಲಿಲ್ಲ.

ಈಗ ಹೊಣೆ ಯಾರದು ಎಂಬ ಮಾತು. 2023ರಲ್ಲಿ ನಮ್ಮ ರಾಜ್ಯದಲ್ಲಿ ಆಧಾರ್ ಆಧಾರಿತ ಪಾವತಿಯ ಮೂಲಕ ಖಾತೆಗಳಿಂದ ದುಡ್ಡು ಹೋಗತೊಡಗಿತು. ಆಸ್ತಿ ನೋಂದಣಿಯ ಕಾವೇರಿ ಜಾಲತಾಣದಲ್ಲಿ ಸಿಗುತ್ತಿದ್ದ ದಸ್ತಾವೇಜುಗಳಿಂದ ವಂಚಕರು ಬೆರಳಚ್ಚು ತೆಗೆದುಕೊಂಡಿದ್ದರು ಎಂಬುದು ತನಿಖೆಯಲ್ಲಿ ಬಯಲಾಯಿತು. ಆಮೇಲೆ ದಸ್ತಾವೇಜಿನ ಬೆರಳಚ್ಚನ್ನು ಮರೆಮಾಚುವ ಕೆಲಸ ನಡೆಯಿತು. ಜೊತೆಗೆ ಜನರಿಗೂ ಒಂದು ಸಲಹೆ ಬಂತು: ನಿಮ್ಮ ಬೆರಳಚ್ಚಿಗೆ ನೀವೇ ಆ್ಯಪಿನಲ್ಲಿ ಬೀಗ ಹಾಕಿಕೊಳ್ಳಿ. ಬೀಗ ಹಾಕಿದರೆ ಪಡಿತರ ಅಂಗಡಿಯಲ್ಲೂ ಬೆರಳು ನಡೆಯುವುದಿಲ್ಲ. ತೆಗೆಯಬೇಕೆಂದರೆ ಮತ್ತೆ ಆ್ಯಪ್, ಮತ್ತೆ ಒಟಿಪಿ, ಮತ್ತೆ ಮಗನ ಕಿಸೆಯ ನಂಬರು. ಸೋರಿದ್ದು ವ್ಯವಸ್ಥೆಯ ಕಡೆಯಿಂದ, ದುಡಿಮೆ ಹೇರಿದ್ದು ರೈತನ ಮೇಲೆ. ನಿಮ್ಮ ಅಪ್‌ಡೇಟುಗಳ ಬಹುಪಾಲು ಹೀಗೆಯೇ ನಡೆದಿದೆ. ವ್ಯವಸ್ಥೆ ತನ್ನೊಳಗೆ ಮಾಡಿಕೊಳ್ಳಬೇಕಾದ ಪರೀಕ್ಷೆಗಳನ್ನೆಲ್ಲ ಒಂದೊಂದಾಗಿ ಬಳಸುವವನ ತಲೆಗೆ ಕಟ್ಟಲಾಗುತ್ತಿದೆ.

ಹೀಗೇ ಇರಬೇಕೆಂದಿಲ್ಲ ಎಂಬುದಕ್ಕೆ ದೃಷ್ಟಾಂತ ನಮ್ಮ ರಾಜ್ಯದಲ್ಲೇ ಇದೆ. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂದಾಗ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಪಹಣಿ ತಿದ್ದುವ ಮೋಸ ಅಂದು ದೊಡ್ಡ ಪಿಡುಗಾಗಿತ್ತು, ಆದ್ದರಿಂದ ಭದ್ರತೆ ಬಿಗಿಯಾಗಿಯೇ ಬೇಕಿತ್ತು. ಅದನ್ನು ಕಟ್ಟಿದವರು ಬೆರಳಚ್ಚಿನ ಪರೀಕ್ಷೆಯನ್ನು ದಾಖಲೆ ತಿದ್ದುವ ಅಧಿಕಾರ ಇದ್ದ ತಾಲ್ಲೂಕು ಕಚೇರಿಯ ಸಿಬ್ಬಂದಿಗೆ ಹಾಕಿದರು. ಯಾರು, ಯಾವಾಗ, ಏನು ಬದಲಿಸಿದರು ಎಂಬುದು ಅವರ ಹೆಸರಿನಲ್ಲಿ ಉಳಿಯುತ್ತಿತ್ತು. ರೈತ ಕಿಟಕಿಗೆ ಬಂದು ಹದಿನೈದು ರೂಪಾಯಿ ಕೊಟ್ಟು ಪಹಣಿ ಒಯ್ಯುತ್ತಿದ್ದ. ಅವನಿಗೆ ಪಾಸ್‌ವರ್ಡ್ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಹಾನಿ ಮಾಡಬಲ್ಲ ಕೈಗೆ ಕಾವಲು ಹಾಕಿದ ಆ ವಿವೇಕ ಕರ್ನಾಟಕದ ಇಂಜಿನಿಯರುಗಳಿಗೆ ಒಮ್ಮೆ ಇತ್ತು. ಅದನ್ನು ಮತ್ತೆ ತನ್ನಿ.

ಕಣ್ಣು ಕಾಣದವರ ಕಷ್ಟವನ್ನೂ ಹೇಳಲೇಬೇಕು. ಪರದೆಯನ್ನು ಓದಿ ಹೇಳುವ ಸಹಾಯಕ ತಂತ್ರಾಂಶ ಚಾಲೂ ಇದ್ದರೆ ಕೆಲವು ಬ್ಯಾಂಕ್ ಆ್ಯಪ್‌ಗಳು ಅದನ್ನೇ ಕಳ್ಳನೆಂದು ತಿಳಿದು ತೆರೆಯಲು ನಿರಾಕರಿಸುತ್ತವೆ. ಕೆವೈಸಿಗೆ ಕಣ್ಣು ಮಿಟುಕಿಸಬೇಕು ಎಂಬ ಪರೀಕ್ಷೆ ಆಸಿಡ್ ದಾಳಿಗೆ ಗುರಿಯಾದವರನ್ನು, ಅಂಧರನ್ನು ಹೊರಗಿಟ್ಟಿತ್ತು. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ, ಡಿಜಿಟಲ್ ಸೇವೆಗಳ ಲಭ್ಯತೆ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ತೀರ್ಪಿತ್ತು, ಕೆವೈಸಿ ಎಲ್ಲರಿಗೂ ಎಟಕುವಂತೆ ಮಾಡಲು 20 ನಿರ್ದೇಶನ ಕೊಟ್ಟಿತು. ಬಳಸಲಾಗದ ಕೀಲಿ ಇನ್ನು ಮೇಲೆ ಬರೀ ಕಿರಿಕಿರಿಯ ವಿಷಯವಲ್ಲ, ಹಕ್ಕಿನ ಉಲ್ಲಂಘನೆ.

ನಿಯಮ ರಿಸರ್ವ್ ಬ್ಯಾಂಕಿನದು, ನಾವೇನು ಮಾಡೋಣ ಎಂದು ನೀವು ಕೇಳಬಹುದು. ನಿಯಮವನ್ನು ಓದಿ ನೋಡಿ. 2025ರ ಸೆಪ್ಟೆಂಬರ್‌ನಲ್ಲಿ ಹೊರಟು 2026ರ ಏಪ್ರಿಲ್ 1ರಿಂದ ಜಾರಿ ಎಂದ ನಿರ್ದೇಶನ, ಡಿಜಿಟಲ್ ಪಾವತಿಗೆ ಎರಡು ಬಗೆಯ ಗುರುತು ಪರೀಕ್ಷೆ ಬೇಕೆನ್ನುತ್ತದೆ. ಎಸ್ಸೆಮ್ಮೆಸ್ ಒಟಿಪಿಯೇ ಆಗಬೇಕೆಂದು ಅದು ಹೇಳುವುದಿಲ್ಲ. ವ್ಯವಹಾರದ ಅಪಾಯ ಎಷ್ಟು ಎಂದು ತೂಗಿ, ಅನುಮಾನ ಬಂದಲ್ಲಿ ಹೆಚ್ಚಿನ ಪರೀಕ್ಷೆ ಮಾಡಲು ಅವಕಾಶ ಕೊಡುತ್ತದೆ. ಬಾಕಿ ನೋಡಲು ಬಂದ ಅಜ್ಜನಿಗೂ, ಮಧ್ಯರಾತ್ರಿ ಹೊಸ ಖಾತೆಗೆ ಐದು ಲಕ್ಷ ಕಳಿಸುವವನಿಗೂ ಒಂದೇ ಜರಡಿ ಹಿಡಿಯಬೇಕೆಂದು ಯಾವ ನಿಯಮವೂ ಹೇಳಿಲ್ಲ. ಗುಂಡಿಯ ಜಾಗ ಬದಲಿಸಬೇಕೆಂದಂತೂ ಹೇಳೇ ಇಲ್ಲ.

ಜನ ಕಲಿಯಬೇಕು ಎಂದೂ ಕೆಲವರು ಹೇಳುತ್ತಾರೆ. ಜನ ಕಲಿತರು. ಹೆಬ್ಬೆಟ್ಟಿನ ಗುರುತು ಹಾಕುತ್ತಿದ್ದ ತಾಯಂದಿರು ಸ್ವಸಹಾಯ ಸಂಘಗಳಲ್ಲಿ ಸಹಿ ಕಲಿತರು, ಎಟಿಎಂ ಕಲಿತರು, ಚಹದಂಗಡಿಯಲ್ಲಿ ಕ್ಯೂಆರ್ ಹಿಡಿದು ಹತ್ತು ರೂಪಾಯಿ ಕೊಡುವುದನ್ನು ಕಲಿತರು. ಅಕ್ಷರ ಓದಲಾರದವರು ಗುಂಡಿಯ ಜಾಗವನ್ನೂ ಬಣ್ಣವನ್ನೂ ನೆನಪಿಟ್ಟುಕೊಂಡು ಕಲಿತರು. ನೀವು ಒಂದೇ ರಾತ್ರಿಯಲ್ಲಿ ಜಾಗ ಬಣ್ಣ ಎರಡನ್ನೂ ಬದಲಿಸಿದಾಗ ಅವರ ವರ್ಷದ ಕಲಿಕೆ ಅಳಿಸಿಹೋಗುತ್ತದೆ. ಮೂವತ್ತು ಮಕ್ಕಳಿಗೆ ಮಗ್ಗಿ ಕಲಿಸಿದ ಮರುದಿನ ಅಂಕಿಗಳ ಆಕಾರವನ್ನೇ ಬದಲಿಸಿದರೆ ಮಾಸ್ತರನಿಗೆ ಆಗುವ ಸಂಕಟ ನನಗೆ ಆಗುತ್ತಿದೆ.

ಹಾಗಾದರೆ ಏನು ಮಾಡಬೇಕು? ಬೇಡಿಕೆಗಳನ್ನು ಒಂದೊಂದಾಗಿ ಬರೆಯುತ್ತೇನೆ.

ಭದ್ರತೆಯ ತಿದ್ದುಪಡಿಯನ್ನೂ ಪರದೆಯ ಅಲಂಕಾರವನ್ನೂ ಬೇರೆ ಮಾಡಿ. ರಂಧ್ರ ಮುಚ್ಚುವುದಿದ್ದರೆ ಇಂದೇ ಮುಚ್ಚಿ, ಆದರೆ ಅದರ ಜೊತೆ ಗುಂಡಿಗಳನ್ನು ಕದಲಿಸಬೇಡಿ. ಹೊಸ ಹೆಜ್ಜೆ ಸೇರಿಸಲೇಬೇಕಾದರೆ ಮೊದಲೇ ಕನ್ನಡದಲ್ಲಿ ತಿಳಿಸಿ, ಕೆಲವು ವಾರ ಹಳೆಯ ದಾರಿಯೂ ತೆರೆದಿರಲಿ.

ಎಲ್ಲರಿಗೂ ಒಂದೇ ಸಲ ಕಳಿಸಬೇಡಿ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶದ ಒಂದು ದೋಷಪೂರಿತ ಅಪ್‌ಡೇಟಿನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ಕಂಪ್ಯೂಟರುಗಳು ನಿಂತವು, ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲಿ ಬರೆದುಕೊಡಬೇಕಾಯಿತು. ಕಂಪ್ಯೂಟರು ಸತ್ತರೆ ಸುದ್ದಿಯಾಗುತ್ತದೆ. ಅಪ್‌ಡೇಟಿನಿಂದ ಒಂದು ಹಳ್ಳಿ ತನ್ನ ಖಾತೆಗಳಿಂದ ಹೊರಗುಳಿದರೆ ಯಾವ ಪತ್ರಿಕೆಗೂ ಗೊತ್ತಾಗುವುದಿಲ್ಲ. ಆದ್ದರಿಂದ ಹೊರಗುಳಿದವರ ಲೆಕ್ಕವನ್ನು ನೀವೇ ಇಡಿ. ಕಳ್ಳ ಒಳಹೊಕ್ಕದ್ದನ್ನು ಎಷ್ಟು ಗಂಭೀರವಾಗಿ ಬರೆದುಕೊಳ್ಳುತ್ತೀರೋ ಒಡೆಯ ಒಳಹೋಗಲಾಗದ್ದನ್ನೂ ಅಷ್ಟೇ ಗಂಭೀರವಾಗಿ ಬರೆದುಕೊಳ್ಳಿ.

ನೆರವು ಪಡೆಯುವುದನ್ನು ಅಪರಾಧವೆಂದು ನೋಡಬೇಡಿ, ಅದಕ್ಕೆ ಸರಿಯಾದ ದಾರಿ ಮಾಡಿಕೊಡಿ. 2024ರಲ್ಲಿ ಬಂದ ಯುಪಿಐ ಸರ್ಕಲ್ ಒಳ್ಳೆಯ ಮಾದರಿ. ಖಾತೆದಾರ ತನ್ನ ಪಿನ್ ಹೇಳದೆಯೇ ಮನೆಯವರೊಬ್ಬರಿಗೆ ಪಾವತಿಯ ಅಧಿಕಾರ ಕೊಡಬಹುದು, ಪೂರ್ಣ ಅಧಿಕಾರ ಕೊಟ್ಟರೂ ತಿಂಗಳಿಗೆ 15,000 ರೂಪಾಯಿಯ ಮಿತಿ. ಯಾರು ಖರ್ಚು ಮಾಡಿದರು ಎಂಬುದು ದಾಖಲಾಗುತ್ತದೆ, ಬೇಡವೆಂದಾಗ ಅಧಿಕಾರ ಹಿಂಪಡೆಯಬಹುದು. ಇದೇ ರೀತಿ ಬಾಕಿ ನೋಡಲು, ಅರ್ಜಿ ತುಂಬಲು, ಪಿಂಚಣಿ ವಿಚಾರಿಸಲು ಒಬ್ಬ ನಂಬಿಗಸ್ತ ಸಹಾಯಕನಿಗೆ ಅವನದೇ ಪ್ರತ್ಯೇಕ ಚಾವಿ ಕೊಡುವ ವ್ಯವಸ್ಥೆ ಪ್ರತಿ ಆ್ಯಪಿನಲ್ಲೂ ಬರಲಿ. ಆಗ ಯಾರೂ ತಮ್ಮ ಚಾವಿ ಕೈಬಿಡಬೇಕಾಗುವುದಿಲ್ಲ.

ನಿರಾಕರಣೆಯ ಪ್ರತಿ ಸಂದೇಶವೂ ಮೂರು ಮಾತು ಹೇಳಲಿ: ಏನು ತಪ್ಪಾಯಿತು, ಈಗ ಏನು ಮಾಡಬೇಕು, ಆಗದಿದ್ದರೆ ಯಾರನ್ನು ಕೇಳಬೇಕು. ಓದಲಾರದವರಿಗಾಗಿ ಅದನ್ನೇ ಕನ್ನಡದ ದನಿಯಲ್ಲಿ ಕೇಳಿಸಿ.

ಕೊನೆಯದಾಗಿ, ಬಿಡುಗಡೆಗೆ ಮುಂಚೆ ಊರಿನಲ್ಲಿ ಪರೀಕ್ಷಿಸಿ. ಕಚೇರಿಯ ವೈಫೈಯಲ್ಲಿ ಹೊಸ ಫೋನು ಹಿಡಿದು ಮಾಡುವ ಪರೀಕ್ಷೆಯಿಂದ ಇಲ್ಲಿಯ ಸತ್ಯ ತಿಳಿಯದು. ಜಾತ್ರೆಗೋ ಮದುವೆಗೋ ಊರಿಗೆ ಬಂದಾಗ ಒಂದು ದಿನ ಹೆಚ್ಚು ಉಳಿದುಕೊಳ್ಳಿ. ಮುರಗೋಡದ ಆನ್‌ಲೈನ್ ಅಂಗಡಿಯಲ್ಲೋ ಪಡಿತರದ ಸಾಲಿನಲ್ಲೋ ಹನ್ನೆರಡು ಜನರ ಪಕ್ಕ ಕೂತು, ನೀವು ಬರೆದದ್ದನ್ನು ಅವರು ಬಳಸುವುದನ್ನು ಬಾಯಿ ಬಿಡದೆ ನೋಡಿ. ಅವರು ಎಲ್ಲಿ ನಿಂತರು, ಯಾವ ಕ್ಷಣದಲ್ಲಿ ಫೋನನ್ನು ಇನ್ನೊಬ್ಬರ ಕೈಗೆ ಕೊಟ್ಟರು ಎಂಬುದನ್ನು ಬರೆದುಕೊಳ್ಳಿ. ಫೋನು ಕೈ ಬದಲಿಸಿದ ಆ ಕ್ಷಣವೇ ನಿಮ್ಮ ಭದ್ರತೆ ಮುರಿದ ಜಾಗ. ಮುಂದಿನ ಅಪ್‌ಡೇಟ್ ಅಲ್ಲಿಂದ ಶುರುವಾಗಲಿ.

ನೀವು ಬುದ್ಧಿವಂತರು, ನಮ್ಮ ಮಕ್ಕಳು. ಅವ್ವ ತಾನಾಗಿಯೇ, ಯಾರನ್ನೂ ಕೇಳದೆ, ತೆರೆಯಬಲ್ಲ ಕೀಲಿಯನ್ನು ಮಾಡಿಕೊಡಿ. ಕಳ್ಳನನ್ನು ತಡೆಯುವ ಅರ್ಧ ಕೆಲಸ ಅಲ್ಲಿಗೇ ಮುಗಿಯುತ್ತದೆ.

ಇಂತಿ,
ಮುರಗೋಡದ ಒಬ್ಬ ನಿವೃತ್ತ ಶಿಕ್ಷಕ